ನನ್ನೊಳಗಿನ ಹೆಸರು ಉಜ್ಜಿದವರು

ನಾನೊಂದು ವಿಮಾನ ಚಾಲಕನ ಟೊಪ್ಪಿಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಲಿನ್ನಿನ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಕಂದು ಬಟ್ಟೆಯ ಮೈ, ಕಿವಿಗಳ ಮೇಲೆ ರೇಡಿಯೋ ಕೇಳಿಸುವ ಚರ್ಮದ ಉಬ್ಬು, ಗದ್ದದ ಕೆಳಗೊಂದು ಪಟ್ಟಿ. ಒಳಗೆ ಕಾರ್ಖಾನೆಯ ಮುದ್ರೆ ಒತ್ತಿದರು. ಆ ಮುದ್ರೆಗೆ ಸಿಕ್ಕ ಮರ್ಯಾದೆ ನನ್ನನ್ನು ತೊಟ್ಟ ತಲೆಗಳಿಗೆ ಸಿಗಲಿಲ್ಲ. ನನ್ನ ಸಿಟ್ಟೆಲ್ಲ ಅದಕ್ಕೇ.

ಮೊದಲ ಒಡೆಯ ಎಮಿಲ್. ಆಫ್ರಿಕಾದ ಮರುಭೂಮಿಗೆ ಸೈನ್ಯದ ಸಾಮಾನು ಸಾಗಿಸುವ ವಿಮಾನ ಅವನದು. ನನ್ನ ಒಳಬಟ್ಟೆಯ ಮೇಲೆ ತನ್ನ ಪೂರ್ತಿ ಹೆಸರನ್ನು ಹಳೆಯ ಜರ್ಮನ್ ಕೈಬರಹದಲ್ಲಿ ಬರೆದುಕೊಂಡಿದ್ದ. ಒಂದು ಮಧ್ಯಾಹ್ನ ವಿಮಾನ ಮರಳಿಗೆ ಬಿತ್ತು. ಓಡಿ ಬಂದವನು ಎದುರು ಪಾಳೆಯದ, ಅಂದರೆ ಬ್ರಿಟಿಷರ ಸೈನ್ಯದ ಹವಾಲ್ದಾರ, ಬೆಳಗಾವಿ ಕಡೆಯ ಸಿದರಾಯ. ಕುತ್ತಿಗೆಗೆ ಬಿಗಿದಿದ್ದ ನನ್ನ ಪಟ್ಟಿಯನ್ನು ಚಾಕುವಿನಿಂದ ಕೊಯ್ದು, ಎಮಿಲ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದ. ಎಮಿಲ್ ಅಲ್ಲೇ ಜೀವ ಬಿಟ್ಟ.

ಸಿದರಾಯ ನನ್ನನ್ನು ಎಸೆಯಲಿಲ್ಲ. ಕೊಯ್ದ ಪಟ್ಟಿಯನ್ನು ತಾನೇ ಹೊಲಿದ. ಎಮಿಲ್‌ನ ಹೆಸರಿನ ಕೆಳಗೆ ಕನ್ನಡದಲ್ಲಿ ತನ್ನ ಹೆಸರನ್ನೂ ಬರೆದ. ಊರಿಗೆ ಬಂದ ಮೇಲೆ ಚಳಿಗಾಲದಲ್ಲಿ ನನ್ನನ್ನು ಹಾಕಿಕೊಂಡೇ ಸೈಕಲ್ ತುಳಿಯುತ್ತಿದ್ದ. ಜನ ನಗುತ್ತಿದ್ದರು, ಅವನು ಕ್ಯಾರೇ ಅನ್ನುತ್ತಿರಲಿಲ್ಲ. ಮುಪ್ಪಿನಲ್ಲಿ ಸಾಯುವಾಗ ಮಗಳು ಬಾಳವ್ವನಿಗೆ ಹೇಳಿದ: “ಆ ಹುಡುಗನ ಮನಿ ಮಂದಿನ್ನ ಹುಡುಕವ್ವಾ. ಅಂವ ಒಬ್ಬನಽ ಸಾಯಲಿಲ್ಲಂತ ಅವರಿಗೆ ಗೊತ್ತಾಗ್ಲಿ.”

ಎಮಿಲ್‌ನ ಆ ಕೈಬರಹ ಊರಲ್ಲಿ ಯಾರಿಗೂ ಓದಲು ಬರಲಿಲ್ಲ. ಬಾಳವ್ವ ನನ್ನನ್ನು ಧಾರವಾಡದ ಶ್ರೀಪಾದ ಮಣ್ಣೂರರ ಬಳಿ ಒಯ್ದಳು. ಯುದ್ಧಕಾಲದ ಜರ್ಮನ್ ವೈಮಾನಿಕರ ಟೊಪ್ಪಿಗೆ, ಕನ್ನಡಕ, ಕೈಗವಸುಗಳನ್ನು ಕೂಡಿಸಿಟ್ಟು, ಅಸಲಿ ನಕಲಿ ಗುರುತಿಸುವುದರಲ್ಲಿ ಹೆಸರಾದವರು ಅವರು. “ಇದು ಯಾರದಂತ ನೋಡಿ ಹೇಳ್ರಿ ಸರ್” ಎಂದಷ್ಟೇ ಹೇಳಿ ಬಿಟ್ಟುಹೋದಳು.

ಮಣ್ಣೂರರು ಭೂತಗನ್ನಡಿ ಹಿಡಿದು ಮುದ್ರೆ ನೋಡಿದರು, ಗುಂಡಿ ನೋಡಿದರು, ದಾರದ ಎಳೆ ನೋಡಿದರು. ಹೆಸರು ಕಂಡದ್ದೇ ಮುಖ ಸಿಂಡರಿಸಿದರು. ಬೆಲೆ ಏರಲೆಂದು ಇಂಥ ಟೊಪ್ಪಿಗೆಗಳೊಳಗೆ ಸುಳ್ಳು ಹೆಸರು ಬರೆದು ಮಾರುವವರಿದ್ದಾರೆ. ಅಂಥವರ ಕೈಯಲ್ಲಿ ಇವರು ಹಿಂದೆ ಟೋಪಿ ಹಾಕಿಸಿಕೊಂಡಿದ್ದರು. ಕೆಳಗೆ ಕನ್ನಡ ಅಕ್ಷರ ಕಂಡ ಮೇಲಂತೂ ಎಲ್ಲ ಇಲ್ಲಿಯದೇ ಕಿತಾಪತಿ ಎಂದು ತೀರ್ಮಾನಿಸಿಬಿಟ್ಟರು. ಓದುವ ಗೋಜಿಗೂ ಹೋಗದೆ, ಅದೇನೋ ದ್ರಾವಣ ಹಚ್ಚಿ ಎರಡೂ ಹೆಸರು ಉಜ್ಜಿ ತೆಗೆದರು. ಸಿದರಾಯನ ಹೊಲಿಗೆ ಬಿಚ್ಚಿ, ಬೇರೊಂದು ಟೊಪ್ಪಿಗೆಯ ಪಟ್ಟಿ ಕೂಡಿಸಿದರು. ನನಗೆ ಹಲ್ಲಿದ್ದಿದ್ದರೆ ಆ ಬೆರಳು ಕಚ್ಚುತ್ತಿದ್ದೆ!

ಬಾಳವ್ವ ಮರಳಿ ಬಂದು ನನ್ನನ್ನು ತಿರುವಿ ನೋಡಿದಳು. “ಹೆಸರೆಲ್ಲಿ ಹೋತ್ರೀ?”

“ಯಾವನೋ ಗೀಚಿದ್ದವ್ವಾ, ತಗದೀನಿ. ಈಗ ನೋಡು, ಕಾರ್ಖಾನಿಯಿಂದ ಬಂದಂಗ ಅದ.”

“ಕಾರ್ಖಾನ್ಯಾಗ ನಮ್ಮಪ್ಪ ಇರಲಿಲ್ಲಲ್ರೀ.”

ಆಮೇಲೆ ಅಪ್ಪನ ಮಾತನ್ನೆಲ್ಲ ಹೇಳಿದಳು. ಮಣ್ಣೂರರ ಮುಖ ಕಪ್ಪಿಟ್ಟಿತು. “ಆ ಹೆಸರು ಬ್ಯಾರೆ ಕಡೆ ಬರದಿಟ್ಟಿಲ್ಲೇನು?”

“ನಮಗ ಓದಾಕ ಬಂದಿದ್ರ ನಿಮ್ಮ ಕಡೆ ಯಾಕ ಬರ್ತಿದ್ದೆ?” ಅವಳು ನನ್ನನ್ನು ಮೇಜಿನ ಮೇಲೆ ಹಿಂದಕ್ಕೆ ಸರಿಸಿದಳು. “ಇದು ನಮ್ಮಪ್ಪನ ಟೊಪ್ಪಿಗಿ ಅಲ್ರೀ. ನೀವಽ ಇಟ್ಕೋರಿ.”

ಅವಳು ಹಿಂತಿರುಗಿ ನೋಡದೆ ಹೋದದ್ದು ನನಗೆ ಇವತ್ತಿಗೂ ನೋವು.

ಈಗ ನಾನು ಗಾಜಿನ ಕಪಾಟಿನ ಮೂಲೆಯಲ್ಲಿದ್ದೇನೆ. ನೋಡಲು ಬಂದವರು ಎಂಥ ಅಸಲಿ ಮಾಲು ಎಂದು ಹೊಗಳುತ್ತಾರೆ. ಮುಂದೆ ಮಣ್ಣೂರರ ದುಂಡನೆಯ ಅಕ್ಷರದ ಚೀಟಿಯಿದೆ. ಕಾರ್ಖಾನೆ, ವರ್ಷ, ಬಟ್ಟೆಯ ಬಗೆ, ಎಲ್ಲ ಸರಿಯಾಗಿ ಬರೆದಿದ್ದಾರೆ. ಕೊನೆಯ ಸಾಲು: ‘ತೊಟ್ಟವರು ಯಾರೆಂದು ತಿಳಿದಿಲ್ಲ.’

ತಿಳಿದಿಲ್ಲವಂತೆ! ಉಜ್ಜಿದ ಕೈಯಿಂದಲೇ ಅದನ್ನೂ ಬರೆದರು.