ಅತ್ತೆಯ ಪತ್ರಿಕೆಗೆ ಸೊಸೆಯ ಸಲಹೆ

ಸೊಸೆ ಒಂದು ಸುದ್ದಿ ಜಾಲತಾಣದಲ್ಲಿ ಕೆಲಸಕ್ಕಿದ್ದಳು. ಓದುಗರ ಬೆರಳು ತಾನಾಗಿ ಒತ್ತುವಂಥ ತಲೆಬರಹ ಕೊಡುವುದರಲ್ಲಿ ಅವಳದು ಎತ್ತಿದ ಕೈ. ಹಾಗಾಗಿ, ಗಣಿತದ ಟೀಚರಾಗಿ ನಿವೃತ್ತರಾದ ಅತ್ತೆ, ಕೆ-ಪಾಪ್ ಎಂಬ ಕೊರಿಯಾದ ಹಾಡು-ಕುಣಿತದ ಅಭಿಮಾನಿಗಳಿಗೆ ಆನ್‌ಲೈನ್ ಪತ್ರಿಕೆ ತರುತ್ತೇನೆ ಎಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"ಅಭಿಮಾನಿಗಳು ಅಂದ್ರೆ ಹದಿನಾರರ ಹುಡುಗಿಯರು, ಅತ್ತೆ."

"ನಮಗೂ ಹದಿನಾರಾಗಿತ್ತು. ಆಗ ಪುರುಸೊತ್ತಿರಲಿಲ್ಲ," ಎಂದರು ಅತ್ತೆ.

ಭಾನುವಾರ ಊಟದ ಮೇಜಿನ ಸುತ್ತ ಸಂಪಾದಕ ಮಂಡಳಿ ಸೇರಿತು. ಮಂಡಳಿ ಎಂದರೆ ಅತ್ತೆ, ಹೆರಿಗೆ ವಾರ್ಡಿನಲ್ಲಿ ಆಯಸ್ಸು ಸವೆಸಿದ ನರ್ಸಮ್ಮ, ಬೀದಿ ಕೊನೆಯ ಹೊಲಿಗೆ ಅಂಗಡಿಯ ಟೈಲರಮ್ಮ. ಮೂವರ ಕನ್ನಡಕವೂ ಮೂಗಿನ ತುದಿಗೆ ಇಳಿದಿತ್ತು. ನರ್ಸಮ್ಮನ ಫೋನಿನ ಕವರಿನ ಮೇಲೆ ಬೆಳ್ಳಿಗೂದಲಿನ ಹುಡುಗನೊಬ್ಬ ಕಣ್ಣು ಹೊಡೆಯುತ್ತಿದ್ದ. ಸಲಹೆ ಕೊಡು ಎಂದು ಅತ್ತೆ ಕರೆದಿದ್ದಕ್ಕೆ ಬಂದು ಬಾಗಿಲಿಗೊರಗಿ ನಿಂತ ಸೊಸೆ, ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದುಕೊಂಡು ಸದ್ದಿಲ್ಲದೆ ಒಂದು ಫೋಟೊ ತೆಗೆದಳು.

ನರ್ಸಮ್ಮ ಕುಣಿಯುವ ಹುಡುಗರ ಮೊಣಕಾಲಿನ ಬಗ್ಗೆ ಬರೆಯುವುದೆಂದಾಯಿತು, ಟೈಲರಮ್ಮ ಅವರ ಜಾಕೆಟ್ಟುಗಳ ಬಗ್ಗೆ.

"ಮೊಣಕಾಲು ಯಾರಿಗೆ ಬೇಕು?" ಎಂದಳು ಸೊಸೆ. "ಯಾರು ಯಾರ ಜೊತೆ ಓಡಾಡ್ತಿದಾರೆ, ತಂಡದಲ್ಲಿ ಏನು ಜಗಳ, ಅದನ್ನ ಹಾಕಿ."

"ಜಗಳ ಇದೆಯಾ?" ಟೈಲರಮ್ಮ ಗಾಬರಿಯಾದಳು.

"ಇಲ್ಲದಿದ್ರೆ 'ಜಗಳವೇ?' ಅಂತ ಪ್ರಶ್ನೆ ಚಿಹ್ನೆ ಹಾಕೋದು."

ಅತ್ತೆ ಪೆನ್ನು ಕೆಳಗಿಟ್ಟರು. "ನಿನ್ನ ಕರೆದಿದ್ದೇ ಅದಕ್ಕೆ ಕಣಮ್ಮ. ಏನು ಮಾಡಬಾರದು ಅಂತ ತಿಳ್ಕೋಬೇಕಿತ್ತು. ತಿಳೀತು."

ನರ್ಸಮ್ಮ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡಳು. ಸೊಸೆಗೆ ಕೆನ್ನೆಗೆ ಬಾರಿಸಿದಂತಾಯಿತು.

ಮರುದಿನ ಕಚೇರಿಯಲ್ಲಿ ಅವಳು ಸೇಡು ತೀರಿಸಿಕೊಂಡಳು. 'ಮೊಮ್ಮಕ್ಕಳನ್ನು ಮರೆತು ಕೊರಿಯಾ ಹುಡುಗರ ಹಿಂದೆ ಬಿದ್ದ ಅಜ್ಜಿಯರು: ಮುಂದೆ ಆದದ್ದೇನು?' ಎಂದು ತಲೆಬರಹ ಕೊಟ್ಟು ಭಾನುವಾರದ ಫೋಟೊ ಹಾಕಿದಳು. ಯಾರ ಹೆಸರೂ ಹಾಕಲಿಲ್ಲ. ಆದರೆ ಫೋಟೊದಲ್ಲಿ ಮೂರು ತುರುಬುಗಳೂ ಆ ಫೋನಿನ ಕವರೂ ಚೆನ್ನಾಗಿಯೇ ಕಾಣುತ್ತಿದ್ದವು. ಸಂಜೆಯೊಳಗೆ ಊರೆಲ್ಲ ಹಂಚಿಕೊಂಡಿತು. ಬಾಸ್ ಬೆನ್ನು ತಟ್ಟಿದ.

ಮನೆಗೆ ಬಂದರೆ ಮೂವರೂ ಮೇಜಿನ ಮುಂದೆಯೇ ಕೂತಿದ್ದರು. ರಂಪ ಆಗುತ್ತದೆ ಎಂದು ಸೊಸೆ ಮೈ ಬಿಗಿ ಮಾಡಿಕೊಂಡಳು. ಅತ್ತೆ ಆ ಸುದ್ದಿಯನ್ನು ದಡ್ಡ ವಿದ್ಯಾರ್ಥಿಯ ಉತ್ತರ ಓದುವ ಧಾಟಿಯಲ್ಲಿ ಗಟ್ಟಿಯಾಗಿ ಓದಿದರು.

"ನನಗೆ ಮೊಮ್ಮಕ್ಕಳಿಲ್ಲ, ಅದು ನಿನಗೇ ಗೊತ್ತು. ಇವಳಿಗೆ ಮದುವೆಯೇ ಆಗಿಲ್ಲ," ಎಂದು ಟೈಲರಮ್ಮನನ್ನು ತೋರಿಸಿದರು. "ಹೋಗಲಿ, 'ಮುಂದೆ ಆದದ್ದೇನು' ಅಂದಿದೀಯಲ್ಲ, ಏನಾಯ್ತು ಅಂತ ಎಲ್ಲೂ ಬರೆದೇ ಇಲ್ವಲ್ಲ?"

"ಅಷ್ಟೆಲ್ಲ ಯಾರೂ ಓದಲ್ಲ, ಅತ್ತೆ."

"ನಾವು ಓದಿದ್ವಿ," ಎಂದಳು ನರ್ಸಮ್ಮ. "ಪಾಪ, ಇವಳಿಗೆ ಬರೆಯೋಕೆ ಬರುತ್ತೆ ಅಂದ್ಕೊಂಡಿದ್ದೆ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ 'ಪಾಪ' ಮಾತ್ರ ರಾತ್ರಿಯಿಡೀ ಸೊಸೆಯ ಕಿವಿಯಲ್ಲೇ ಇತ್ತು. ಬೆಳಗ್ಗೆ ಹೋದವಳೇ ಆ ಸುದ್ದಿಯನ್ನು ತೆಗೆದುಹಾಕಿದಳು. "ಓಡ್ತಿರೋ ಐಟಂನ ಯಾರಾದ್ರೂ ತೆಗೀತಾರಾ? ತಲೆ ಕೆಟ್ಟಿದೆಯಾ?" ಎಂದು ಬಾಸ್ ಎಲ್ಲರ ಎದುರೇ ಗದರಿದ. ನಿನ್ನೆ ತಟ್ಟಿದ ಕೈಯೇ ಇವತ್ತು ಬೆರಳು ತೋರಿಸುತ್ತಿತ್ತು.

ಆಮೇಲೆ ಮಂಡಳಿಯ ಸಭೆಗಳು ಬಾಗಿಲು ಹಾಕಿಕೊಂಡು ನಡೆದವು. ಒಳಗಿನಿಂದ ನಗು ಕೇಳಿದಾಗಲೆಲ್ಲ ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂದು ಸೊಸೆಗೆ ಅನಿಸುತ್ತಿತ್ತು. ಮೊದಲ ಸಂಚಿಕೆ ಸಿದ್ಧವಾದ ದಿನ ಅತ್ತೆ ಲ್ಯಾಪ್‌ಟಾಪ್ ತಂದು ಅವಳ ಮುಂದಿಟ್ಟರು.

"ಕಾಗುಣಿತ ನೋಡಿಕೊಡು. ತಲೆಬರಹ ಮುಟ್ಟಬೇಡ."

ಸೊಸೆ ಮೂಗು ಮುರಿಯುತ್ತಲೇ ಕೂತಳು. ನರ್ಸಮ್ಮನ ಲೇಖನ ತೆರೆಯಿತು. ಒಂದು ಹಾಡಿನ ನಡುವೆ ಆ ಬೆಳ್ಳಿಗೂದಲಿನ ಹುಡುಗ ಪ್ರತಿ ಸಲ ಜಿಗಿದಾಗಲೂ ಬಲಗಾಲಿನ ಮೇಲೆ ಭಾರ ಬಿಡದೆ ಇಳಿಯುತ್ತಾನೆ, ನೋವಿರುವವನು ಮಾತ್ರ ಹಾಗೆ ಇಳಿಯುತ್ತಾನೆ ಎಂದು ಬರೆದಿತ್ತು. ಇದೂ ಒಂದು ಬುರುಡೆ ಎಂದುಕೊಂಡು ಸೊಸೆ ಆ ಹಾಡನ್ನು ಹುಡುಕಿದಳು. ಒಮ್ಮೆ ನೋಡಿದಳು. ಹಿಂದಕ್ಕೆ ಎಳೆದು ಇನ್ನೊಮ್ಮೆ ನೋಡಿದಳು. ಹುಡುಗ ನಿಜಕ್ಕೂ ಎಡಗಾಲಿನ ಮೇಲೆಯೇ ಇಳಿಯುತ್ತಿದ್ದ.

"ಹಾಡು ಹಾಕ್ಕೊಂಡು ಯಾವ ಕಾಗುಣಿತ ನೋಡ್ತಿದೀಯ?" ಒಳಗಿನಿಂದ ಅತ್ತೆ ಕೇಳಿದರು.

ಸೊಸೆ ಸದ್ದು ಕಡಿಮೆ ಮಾಡಿ, ಮತ್ತೆ ಹಿಂದಕ್ಕೆ ಎಳೆದಳು.