ಮೇಷ್ಟ್ರು ಕೇಳದೆ ಹೋದದ್ದು

“ಹುಟ್ಟಿದ ವರ್ಷ ಅದೇನಾ ಅಮ್ಮ? ನಿಮ್ಮ ಮೈದುನ ಬೇರೆ ಹೇಳ್ತಿದ್ದಾರೆ,” ಎಂದು ವರದಿಗಾರ್ತಿ ಮೇಷ್ಟ್ರ ಹೆಂಡತಿಯನ್ನು ತಗ್ಗಿದ ದನಿಯಲ್ಲಿ ಇನ್ನೊಮ್ಮೆ ಕೇಳಿದಳು.

ಹಜಾರದಲ್ಲಿ ಮೇಷ್ಟ್ರನ್ನು ಮಲಗಿಸಿದ್ದರು. ಶವ ಒಯ್ಯುವ ಗಾಡಿ ಬಾಗಿಲಲ್ಲಿತ್ತು. ನಾಲ್ಕು ಗಂಟೆಯೊಳಗೆ ನೂರು ಪದದ ನಿಧನವಾರ್ತೆ ಬೇಕೆಂದು ಸಂಪಾದಕರು ಹೇಳಿ ಕಳಿಸಿದ್ದರು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಪತ್ರಿಕೆಗೆ ಬಂದ ಹೊಸಬರ ಕೈಹಿಡಿದು ಬರೆಸಿದ್ದಕ್ಕೆ ಆ ಹೆಸರು. ಪೊಲೀಸರು ಕೊಟ್ಟ ಚೀಟಿ ಸುದ್ದಿಯಲ್ಲ, ಸುದ್ದಿಯ ವಿಳಾಸ ಅಷ್ಟೇ, ಹೋಗಿ ಬಾಗಿಲು ತಟ್ಟು ಎನ್ನುತ್ತಿದ್ದರು. ವರದಿಗಾರ್ತಿಗೆ ಅನ್ನ ಕೊಟ್ಟ ಮಾತು ಅದು.

ನಾಳೆ ಸೂರ್ಯ ಹುಟ್ಟುತ್ತಾನೆ ಅಂದರೂ ಯಾರು ಹೇಳಿದ್ದು ಅಂತಿದ್ದ ಪುಣ್ಯಾತ್ಮ ಎಂದು ಪತ್ರಿಕೆಯಲ್ಲಿ ಕರಡು ತಿದ್ದುವ ಮುದುಕರು ಕಣ್ಣೊರೆಸಿಕೊಂಡರು. “ಮೂವತ್ತು ವರ್ಷದಲ್ಲಿ ಇವನ ಸುದ್ದಿಗೆ ತಪ್ಪಾಯ್ತು ಅಂತ ಪೇಪರಲ್ಲಿ ಒಂದೂ ತಿದ್ದುಪಡಿ ಹಾಕಿಲ್ಲ. ಬರ್ಕೊ.”

ಬರೆದುಕೊಂಡಳು. ಕಲಿತ ಚಾಳಿ ಬಿಡದೆ, ಹೌದೇ ಎಂದು ಮೇಷ್ಟ್ರ ಹೆಂಡತಿಯನ್ನೂ ಕೇಳಿದಳು. ಆಕೆ ಎದ್ದು ಅವಳನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದರು.

*

ಇಪ್ಪತ್ತಾರು ವರ್ಷದ ಹಿಂದೆ, ಹಾಡುಹಗಲೇ ಗಡಿಯಾರದ ಅಂಗಡಿಯೊಂದರಲ್ಲಿ ಕಳವಾಯಿತು. ಪೊಲೀಸರ ಚೀಟಿಯಲ್ಲಿ ಇದೇ ಬೀದಿಯ ದರ್ಜಿಯ ಹೆಸರಿತ್ತು. ಪುಟ ಮುಗಿಸಲು ಹತ್ತು ನಿಮಿಷ ಉಳಿದಿತ್ತು. ಮೇಷ್ಟ್ರು ಚೀಟಿಯಲ್ಲಿದ್ದುದನ್ನು ಇದ್ದಂತೆಯೇ ಇಳಿಸಿದರು.

ಆ ದಿನ ಬೆಳಗಿನಿಂದ ಸಂಜೆಯವರೆಗೆ ದರ್ಜಿ ಮೇಷ್ಟ್ರ ಮನೆಯಲ್ಲೇ ಕೂತು ಕಿಟಕಿಯ ಪರದೆ ಹೊಲಿದಿದ್ದ.

ಮೂರನೆಯ ದಿನ ಪೊಲೀಸರು ಅವನನ್ನು ಬಿಟ್ಟರು, ಬೀದಿ ಬಿಡಲಿಲ್ಲ. ಯಾರೂ ಅವನ ಕೈಗೆ ಬಟ್ಟೆ ಕೊಡಲಿಲ್ಲ. ತಿದ್ದುಪಡಿ ಹಾಕಿದರೆ ನೌಕರಿಗೆ ಕುತ್ತೆಂದು ಮೇಷ್ಟ್ರು ಇವತ್ತು ನಾಳೆ ಎನ್ನುತ್ತಾ ದಿನ ತಳ್ಳಿದರು. ನಾಲ್ಕನೆಯ ತಿಂಗಳು ದರ್ಜಿ ಬಾವಿಗೆ ಬಿದ್ದ.

*

“ಪೇಪರ್ ನೋಡಿದ ತಕ್ಷಣ, ಅವನು ದಿನವೆಲ್ಲ ನನ್ನ ಕಣ್ಣೆದುರೇ ಇದ್ದ ಅಂತ ಇವರಿಗೆ ಹೇಳ್ದೆ. ನಿಮ್ಮ ಆಫೀಸಿಗೆ ಬಂದು ನಾನೇ ಹೇಳ್ತೀನಿ ಅಂದೆ,” ಎಂದರು ಆಕೆ. “ನಿನ್ನ ಯಾರು ಕೇಳಿದ್ರು ಅಂದ್ರು. ಅವತ್ತಿಂದ ಊರೋರ್ನೆಲ್ಲ ಕೇಳಿದ್ರು ಕಣಮ್ಮ. ನನ್ನ ಮಾತ್ರ ಏನೂ ಕೇಳ್ಲಿಲ್ಲ. ಜ್ವರ ಬಂದು ಮಲಗಿದ್ರೂ ಹೇಗಿದ್ದೀಯ ಅಂತ ಕೇಳ್ಲಿಲ್ಲ.”

ವರದಿಗಾರ್ತಿ ಅದನ್ನೂ ಬರೆದುಕೊಂಡಳು. ಅಷ್ಟರಲ್ಲಿ ಸಂಪಾದಕರ ಫೋನು ಬಂತು. ಹೇಳಬೇಕೋ ಬೇಡವೋ ಎಂದು ಅಳುಕುತ್ತಲೇ ಎರಡು ಮಾತಿನಲ್ಲಿ ಹೇಳಿದಳು. ಸತ್ತವರ ಮೇಲೆ ಯಾಕಮ್ಮ, ಆ ಮುದುಕರು ಹೇಳಿದ್ದನ್ನೇ ಹಾಕು ಎಂದರು ಅವರು. ಅವಳಿಗೂ ಮನೆ ಬಾಡಿಗೆ ಇತ್ತು, ತಂಗಿಯ ಓದು ಇತ್ತು. ಗೋಡೆಗೆ ಒರಗಿ ನಿಂತು ಫೋನಿನಲ್ಲೇ ಬರೆದು ಕಳಿಸಿದಳು: ಮೂವತ್ತು ವರ್ಷ, ಒಂದೂ ತಿದ್ದುಪಡಿ ಇಲ್ಲ. ಅದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ.

ಹೊರಗೆ ಹೆಣ ಎತ್ತಿದರು. ಅತ್ತಿಗೆ ಬನ್ನಿ ಎಂದು ಮೈದುನ ಬಾಗಿಲು ಬಡಿದ. ಆಕೆ ಮಿಸುಕಲಿಲ್ಲ. ಸೆರಗು ಸರಿಪಡಿಸಿಕೊಂಡು, ಎರಡೂ ಕೈ ಮಡಿಲಲ್ಲಿಟ್ಟು, ಮುಂದಿನ ಪ್ರಶ್ನೆಗೆ ಕಾಯುತ್ತ ಹುಡುಗಿಯ ಮುಖವನ್ನೇ ನೋಡುತ್ತ ಕೂತಿದ್ದರು.