ಹಿತ್ತಲಿನ ಮೆಳೆ ಯಾರದು

ಒಣಗಿದ ಮುಳ್ಳುಕಡ್ಡಿಗಳನ್ನು ಕುಡುಗೋಲಿನಿಂದ ಸವರಿ ಹಿಂದಕ್ಕೆ ಎಳೆದು ಹಾಕುತ್ತಿದ್ದೆ. ಸೊಸೆ ಅರ್ಪಿತಾ ಅವನ್ನು ಕವೆಗೋಲಿನಿಂದ ಒತ್ತಿ ಬೇಲಿಗೆ ಸಾಗಿಸುತ್ತಿದ್ದಳು. ಶಿವರಾತ್ರಿ ಹತ್ತಿರ ಬಂದಿತ್ತು, ಕತ್ತಲೆ ಪಕ್ಷ. ಹಿತ್ತಲಿನ ಬಿದಿರ ಮೆಳೆಗೆ ನಾವು ವರ್ಷಕ್ಕೊಮ್ಮೆ ಈ ಹೊತ್ತಿನಲ್ಲೇ ಕೈ ಹಾಕುವುದು. ಬೆಳದಿಂಗಳ ದಿನಗಳಲ್ಲಿ ಕಡಿದ ಬಿದಿರಿಗೆ ಬೇಗ ಹುಳ ಬೀಳುತ್ತದೆ ಎಂದು ಮಾವ ಹೇಳುತ್ತಿದ್ದರು. ಹೌದೋ ಅಲ್ಲವೋ, ನಾನು ಪರೀಕ್ಷೆ ಮಾಡಲು ಹೋಗಿಲ್ಲ.

ನಾನು ಹುಟ್ಟಿದ್ದು ಬಿಳಿಚೋಡಿನಲ್ಲಿ. ಅಲ್ಲಿ ಬಿದಿರೆಂದರೆ ಸಂತೆಯಿಂದ ತಂದ ಬುಟ್ಟಿ, ಮೊರ, ಅಷ್ಟೆ. ನಿಂತ ಬಿದಿರನ್ನು ಕಂಡದ್ದು ಹೊನ್ನಾಳಿ ಕಡೆಯ ಈ ಊರಿಗೆ ಸೊಸೆಯಾಗಿ ಬಂದ ಮೇಲೆ. ಮಾವ ಮೊದಲು ಹೇಳಿಕೊಟ್ಟದ್ದು ಇಷ್ಟು: ಮುದಿ ಗಳಗಳು ಮೆಳೆಯ ನಡುವೆ ಇರುತ್ತವೆ, ಎಳೆಯವು ಅಂಚಿನಲ್ಲಿ. ಮಳೆ ಬಿದ್ದಾಗ ಕಳಲೆ ಒಡೆಯುವುದು ಅಂಚಿನ ಎಳೆಯವುಗಳ ಬುಡದಿಂದ. ಅದಕ್ಕೇ ಒಂದು ಪಕ್ಕದಲ್ಲಿ ದಾರಿ ಬಿಡಿಸಿಕೊಂಡು, ಮೈ ಪರಚಿದರೂ ಒಳಗೆ ಹೊಕ್ಕು, ಮುದಿ ಗಳವನ್ನು ನೆಲದ ಮೇಲಿನ ಮೊದಲ ಗೆಣ್ಣಿಗೆ ಕಡಿಯಬೇಕು. ಆಮೇಲೆ ಬುಡಕ್ಕೆ ಕೆರೆಯ ಗೋಡುಮಣ್ಣು, ಸಗಣಿ ಗೊಬ್ಬರ. ಅಂಚಿನಲ್ಲೇ ನಿಂತು ಕೈಗೆ ಸಿಕ್ಕಿದ್ದನ್ನು ಕಡಿಯುವುದು ಸುಲಭ. ಹಾಗೆ ಕಡಿಯುತ್ತಿದ್ದವರು ಮೇಲುಕೇರಿಯವರು.

ಮೇಲುಕೇರಿಯಲ್ಲಿ ಯಾರಾದರೂ ತೀರಿಕೊಂಡರೆ, ಅವರನ್ನು ಕುಳ್ಳಿರಿಸಿ ಒಯ್ಯಲು ವಿಮಾನ ಕಟ್ಟುತ್ತಾರೆ. ಅದಕ್ಕೆ ಬಿದಿರು ನಮ್ಮ ಹಿತ್ತಲಿನದು. ಹಿಂದಿನ ಬೇಲಿ ಸರಿಸಿ ಬರುವುದು, ಕಡಿಯುವುದು, ಹೋಗುವುದು. ಮುಂದಿನ ಬಾಗಿಲಿಗೆ ಬಂದು ಕೇಳುವ ಪದ್ಧತಿ ಇಲ್ಲ. ನಮ್ಮ ಕೇರಿಯ ಬಾಗಿಲುಗಳಲ್ಲಿ ಅವರು ನಿಲ್ಲುವವರೂ ಅಲ್ಲ. ಸತ್ತವರ ಕೆಲಸವೆಂದು ನಾವು ಸುಮ್ಮನಿದ್ದೆವು. ನಾವು ಸುಮ್ಮನಿದ್ದದ್ದೇ ಅವರಿಗೆ ದಾಖಲೆಯಾಯಿತು. ಪಕ್ಕದ ಅಡಿಕೆ ತೋಟದ ಮಹೇಶ್ವರಪ್ಪ ಮೇಲುಕೇರಿಯವನೇ, ಪಂಚಾಯ್ತಿ ಮೆಂಬರು. ಇದು ಊರ ಮೆಳೆ, ಯಾರನ್ನೂ ಕೇಳದೆ ಕಡಿಯುವುದೇ ಅದಕ್ಕೆ ಸಾಕ್ಷಿ ಎಂದು ಹೇಳತೊಡಗಿದ. ಮೆಳೆಯನ್ನು ಜೆಸಿಬಿಯಿಂದ ಕೀಳಿಸಿ ತೋಟಕ್ಕೆ ಟ್ರ್ಯಾಕ್ಟರ್ ದಾರಿ ಮಾಡಿಕೊಳ್ಳುವುದು ಅವನ ಆಲೋಚನೆ.

ಹಿತ್ತಲು ಅಳೆದು ಮೆಳೆ ಯಾರದೆಂದು ತೀರ್ಮಾನ ಮಾಡಿ ಎಂದು ನ್ಯಾಮತಿಯ ತಹಸೀಲ್ದಾರರಿಗೆ ನಾನು ಅರ್ಜಿ ಬರೆದಿಟ್ಟು ಎರಡು ಮಳೆಗಾಲ ಕಳೆದಿದ್ದವು. ಹಿತ್ತಲು ಯಜಮಾನರ ಹೆಸರಿನಲ್ಲಿತ್ತು, ಸಹಿ ಅವರದೇ ಬೇಕು. ನಮ್ಮ ಯಜಮಾನರು ತಿಪ್ಪೇಶಪ್ಪನವರು ಅಡಿಕೆ ಕೊಯ್ಲಿಗೆ ಮಹೇಶ್ವರಪ್ಪನ ತೋಟಕ್ಕೇ ಹೋಗುವವರು. ಈಗ ಬೇಡ, ನೋಡೋಣ ಎನ್ನುತ್ತಿದ್ದರು. ನಾನು ಕಾದೆ. ಕಾಯುವುದು ನನಗೆ ಗೊತ್ತಿರುವ ಕೆಲಸ.

ನಾವು ಮುಳ್ಳು ಸವರುತ್ತಿದ್ದ ಆ ದಿನ ಬೆಳಿಗ್ಗೆ ಮಹೇಶ್ವರಪ್ಪನ ತಾಯಿ ರುದ್ರಾಣಮ್ಮ ತೀರಿಕೊಂಡಿದ್ದರು. ಸ್ವಲ್ಪ ಹೊತ್ತಿಗೆ ಮಹೇಶ್ವರಪ್ಪನ ಮಗ ವಿನಯ್ ಕುಮಾರ್ ಆಳುಗಳ ಜೊತೆ ಹಿಂದಿನ ಬೇಲಿ ದಾಟಿ ಬಂದ. ಒಬ್ಬ ಆಗಲೇ ಅಂಚಿನ ಎಳೆಯ ಗಳಕ್ಕೆ ಕೊಡಲಿ ಎತ್ತಿದ್ದ. ನಾನು ಮೆಳೆಯೊಳಗಿನಿಂದ ತೆವಳಿಕೊಂಡು ಹೊರಬಂದು, ತಲೆ ತುಂಬ ಒಣ ಎಲೆ ಹೊತ್ತುಕೊಂಡೇ ಆ ಗಳಕ್ಕೆ ಬೆನ್ನು ಕೊಟ್ಟು ನಿಂತೆ.

“ಪಕ್ಕಕ್ಕೆ ಸರಿ ಗಿಡ್ಡಮ್ಮ, ಹೊತ್ತಾಗ್ತೈತೆ,” ಎಂದ ವಿನಯ್.

“ಬಿದಿರು ಕೊಡ್ತೀನಿ ವಿನಯಪ್ಪ. ಒಳಗಿಂದು ನಾನೇ ಕಡಿದು ಕೊಡ್ತೀನಿ. ಮುಂದಿನ ಬಾಗಿಲಿಗೆ ಬಂದು ಕೇಳ್ರಿ.”

“ಊರ ಬಿದಿರು ಕಡಿಯಾಕೆ ನಿನ್ನ ಕೇಳಬೇಕಾ?”

“ಊರೋರು ಯಾವತ್ತು ಬಂದು ಇದರ ಮುಳ್ಳು ಸವರಿದ್ರಿ? ಕೈ ತೋರಿಸ್ರಿ, ಯಾರ ಕೈಯಾಗೆ ಗೀರು ಐತೆ ನೋಡಾಣ.”

ಕೊಡಲಿ ಎತ್ತಿದ್ದವನು ನಗು ಬಂದು ಮುಖ ತಿರುಗಿಸಿದ. ವಿನಯ್ ನಗಲಿಲ್ಲ. ಅಜ್ಜಿಯನ್ನು ಅಲ್ಲಿ ಕೂರಿಸಿದ್ದೇವೆ, ಸತ್ತವರ ಕೆಲಸಕ್ಕೆ ಅಡ್ಡ ನಿಂತ ಪಾಪ ನಿನಗೇ ಎಂದ. ನಾನು ಅಡ್ಡ ನಿಂತಿಲ್ಲ, ಬಾಗಿಲು ತೆರೆದೇ ಇದೆ ಎಂದೆ. ಕೇಳಿದರೆ ಮೆಳೆ ನಮ್ಮದೆಂದು ಒಪ್ಪಿಕೊಂಡಂತೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಹೊನ್ನಾಳಿಯ ಸಾಮಿಲ್ಲಿನಿಂದ ತರಿಸುತ್ತೇನೆ ಎಂದು ಫೋನು ಕಿವಿಗಿಟ್ಟುಕೊಂಡು ಹೊರಟುಹೋದ. ಭಾನುವಾರ, ಸಾಮಿಲ್ಲು ಮುಚ್ಚಿತ್ತು ಎಂದು ಆಮೇಲೆ ತಿಳಿಯಿತು.

ಸುದ್ದಿ ಕೇಳಿ ಯಜಮಾನರು ಓಡಿಬಂದರು. ಹೆಣಕ್ಕೆ ಬಿದಿರು ಕೊಡಲ್ಲ ಅಂದವಳು ಊರಲ್ಲಿ ನೀನೊಬ್ಬಳೇ ಎಂದು ಬೈದರು. ಕೊಡಲ್ಲ ಅಂದಿಲ್ಲ ಎಂದು ಹೇಳಿ ನಾನು ಮತ್ತೆ ಮೆಳೆಯೊಳಗೆ ಹೊಕ್ಕೆ. ತಟ್ಟಿದರೆ ಕಂಚಿನ ಹಾಗೆ ದನಿ ಕೊಡುವ ನೇರವಾದ ಗಳಗಳನ್ನೇ ಆರಿಸಿ ಕಡಿದೆ. ಅರ್ಪಿತಾ ಗೆಣ್ಣಿನ ಮುಳ್ಳು ಸವರಿದಳು. ಇಬ್ಬರೂ ಸೇರಿ ಅವನ್ನು ಎಳೆದು ತಂದು ಮುಂದಿನ ಜಗಲಿಗೆ ಒರಗಿಸಿದೆವು. ನಾನು ಪಕ್ಕದಲ್ಲಿ ಕೂತೆ.

ಬಿಸಿಲು ಜಗಲಿ ಹತ್ತಿ ಇಳಿಯಿತು. ಯಾರೂ ಬರದಿದ್ದರೆ ಕೊನೆಗೆ ನಾನೇ ಹೊತ್ತು ಕೊಟ್ಟು ಬರುತ್ತಿದ್ದೆನೋ ಏನೋ, ಹೇಳಲಾರೆ. ರುದ್ರಾಣಮ್ಮ ನನಗೆ ಕೆಟ್ಟದ್ದು ಮಾಡಿದವರಲ್ಲ. ಆದರೂ ಏಳಲಿಲ್ಲ.

ಬಂದವಳು ರಮ್ಯಶ್ರೀ, ವಿನಯನ ಹೆಂಡತಿ. ತಲೆಯ ಮೇಲೆ ಸೆರಗು, ಅತ್ತು ಊದಿದ ಕಣ್ಣು. ಒಬ್ಬಳೇ ನಮ್ಮ ಕೇರಿಯ ನಡುವೆ ನಡೆದು ಬಂದು ಜಗಲಿಯ ಕೆಳಗೆ ನಿಂತಳು. ಆಮೇಲೆ ಏನನ್ನಿಸಿತೋ, ಮೆಟ್ಟಿಲು ಹತ್ತಿ ಬಾಗಿಲಿಗೇ ಬಂದಳು.

“ಅಜ್ಜಿ, ನಮ್ಮಜ್ಜಿಗೆ ವಿಮಾನ ಕಟ್ಟಬೇಕು. ನಿಮ್ಮ ಬಿದಿರು ಕೊಡ್ರಿ.”

ನಿಮ್ಮ ಎಂದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು.

“ತಗೊಂಡು ಹೋಗವ್ವಾ. ನಿನಗೆ ಇಲ್ಲ ಅನ್ನಾಕೆ ಆಗ್ತೈತಾ,” ಎಂದೆ. ಕೇರಿಯ ತುದಿಯಲ್ಲಿ ಕಾಯುತ್ತಿದ್ದ ಆಳುಗಳು ಬಂದು ಹೊತ್ತರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅಮಾವಾಸ್ಯೆಯ ಮಾರನೆಯ ದಿನ ಯಜಮಾನರು ಚಹಾದ ಅಂಗಡಿಯಿಂದ ಬಂದವರು ಚಪ್ಪಲಿ ಬಿಡದೆ ಜಗಲಿಯ ಮೇಲೆ ಕೂತರು. ಮಹೇಶ್ವರಪ್ಪ ನಾಲ್ಕು ಜನರ ಎದುರಿಗೆ, ಹೆಂಗಸು ಹೋಗಿ ಕೇಳಿದ್ದು ಲೆಕ್ಕಕ್ಕೆ ಬರಲ್ಲ, ವಾರದೊಳಗೆ ಜೆಸಿಬಿ ತರಿಸುತ್ತೇನೆ ಎಂದನಂತೆ.

“ಆ ಹುಡುಗಿ ಬಂದು ಕೇಳಿದ್ದು ನಾನು ಕಣ್ಣಾರೆ ನೋಡೀನಿ,” ಎಂದರು ಯಜಮಾನರು. “ಅದನ್ನೂ ಇಲ್ಲ ಅಂತಾನಲ್ಲ. ಆ ಅರ್ಜಿ ಎಲ್ಲೈತೆ? ತಗಂಬಾ.”

“ಕೊಯ್ಲಿಗೆ ಕರೆಯಲ್ಲ ಅವರು, ಯೋಚನೆ ಮಾಡ್ರಿ,” ಎಂದೆ.

“ಕರೀದಿದ್ರೆ ಬಿಡ್ಲಿ. ಗೋವಿನಕೋವಿ ಕಡೆ ತೋಟ ಇಲ್ವಾ?”

ಅರ್ಜಿಯ ಕೆಳಗೆ ಜಾಗ ಉಳಿದಿತ್ತು. ಮಹೇಶ್ವರಪ್ಪನವರ ಸೊಸೆ ನಮ್ಮ ಮುಂದಿನ ಬಾಗಿಲಿಗೆ ಬಂದು ನಮ್ಮ ಬಿದಿರು ಕೇಳಿದರು, ಕೊಟ್ಟಿದ್ದೇವೆ, ಕೇರಿಯವರೆಲ್ಲ ನೋಡಿದ್ದಾರೆ ಎಂದು ಸೇರಿಸಿದೆ. ರಮ್ಯಶ್ರೀಗೆ ಇದರಿಂದ ಮನೆಯಲ್ಲಿ ಮಾತು ಬರಬಹುದೇ ಎಂದು ಒಂದು ಗಳಿಗೆ ಪೆನ್ನು ನಿಂತಿತು. ಮೆಟ್ಟಿಲು ಹತ್ತುವಾಗ ಅವಳೂ ಅದನ್ನು ಯೋಚಿಸಿರಬೇಕು. ಅವಳ ಹೆಸರು ಬರೆಯಲಿಲ್ಲ. ಯಜಮಾನರು ಸಹಿ ಹಾಕಿದರು.

ಮೊದಲು ಸಿಕ್ಕ ಬಸ್ಸು ಹೊನ್ನಾಳಿಯದು. ಅಲ್ಲಿನ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟಿಗೆ ಕೊಟ್ಟೆ. ನ್ಯಾಮತಿ ಇಲ್ಲೇ ಅಲ್ಲವೇ, ನೀವೇ ಹೋಗಿ ಕೊಡಬಹುದಿತ್ತಲ್ಲ ಎಂದ ಕಿಟಕಿಯಲ್ಲಿದ್ದ ಹುಡುಗ.

“ಕೈಯಾಗೆ ಕೊಟ್ಟರೆ ಕೊಟ್ಟಿಲ್ಲ ಅನ್ನೋ ಜನ ಅದಾರಪ್ಪ. ನೀನು ರಸೀದಿ ಕೊಡು.”

ಅವನು ಲಕೋಟೆಯನ್ನು ತೂಗಿ, ಚೀಟಿ ಅಂಟಿಸಿ, ಮುದ್ರೆ ಒತ್ತಿ, ರಸೀದಿ ನನ್ನ ಕೈಗಿಟ್ಟು, ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಹಾಕಿದ.